ಅಂಗಡಿಬೀದಿಯಲ್ಲಿ ಕಾಲು: ಬೆಂಗಳೂರು ದಂಡಿನ ಒಂದು ಓದು

ಬೆಂಗಳೂರಿನ ಎಂ.ಜಿ. ರೋಡ್, ಬ್ರಿಗೇಡ್ ರೋಡ್, ಕಮರ್ಷಿಯಲ್ ಸ್ಟ್ರೀಟುಗಳ ಬಗ್ಗೆ ನಮ್ಮಲ್ಲಿ ಮೂರು ಬಗೆಯ ಮಾತು ಚಾಲ್ತಿಯಲ್ಲಿವೆ. ಮೊದಲನೆಯದು ಕನ್ನಡದ ಅಭಿಮಾನದ್ದು: ಅದು ನಮ್ಮದಲ್ಲ, ಇಂಗ್ಲಿಷಿನವರ ಬೀದಿ ಅನ್ನೋದು. ಎರಡನೆಯದು ಹಳೇ ಬೆಂಗಳೂರಿನ ಹಂಬಲದ್ದು: ಆ ಮರಗಳೇನು, ಆ ಕಾಫಿಯೇನು, ಆ ಪುಸ್ತಕದಂಗಡಿಗಳೇನು ಅಂತ ನಿಟ್ಟುಸಿರು ಬಿಡೋದು. ಮೂರನೆಯದು ಹೊಸ ಕಾಲದ ಮಾರುಕಟ್ಟೆಯದ್ದು: ದುಡ್ಡಿಗೆ ಜಾತಿ ಇಲ್ಲ, ಅಂಗಡಿಯವನಿಗೆ ಗಿರಾಕಿಯ ಕೇರಿ ಬೇಕಿಲ್ಲ ಅನ್ನೋದು. ಈ ಮೂರೂ ಮಾತು ಬೀದಿಯನ್ನು ಕಿಟಕಿಯಿಂದ ನೋಡಿದವರದು. ದಲಿತ ವಿಮರ್ಶೆ ಬೀದಿಗೆ ಇಳಿದು ಕೇಳಬೇಕಾದ ಪ್ರಶ್ನೆ ಬೇರೆ. ಈ ಬೀದಿಯಲ್ಲಿ ಯಾರ ಕಾಲು, ಯಾವಾಗಿಂದ, ಯಾವ ಕೆಲಸಕ್ಕೆ ಓಡಾಡಿದವು?

ಯಾಕೆಂದರೆ ನಮಗೆ ನಡಿಗೆ ಎಂಬುದೇ ಒಂದು ಚರಿತ್ರೆ. ಮೇಲುಜಾತಿಯ ಬೀದಿಯಲ್ಲಿ ಕೆರ ಕಾಲಿಗಲ್ಲ, ಕೈಯಲ್ಲಿ ಇರಬೇಕಿತ್ತು. 1893ರಲ್ಲಿ ತಿರುವಾಂಕೂರಿನ ಅಯ್ಯನ್‌ಕಾಳಿ ಎತ್ತಿನ ಗಾಡಿ ಏರಿ ಸಾರ್ವಜನಿಕ ರಸ್ತೆಯಲ್ಲಿ ಹೋದದ್ದೇ ಬಂಡಾಯವಾಯಿತು. 1924-25ರ ವೈಕಂ ಸತ್ಯಾಗ್ರಹ ನಡೆದದ್ದು ಗುಡಿಯ ಒಳಕ್ಕೆ ಹೋಗಲಿಕ್ಕಲ್ಲ, ಗುಡಿಯ ಸುತ್ತಲ ರಸ್ತೆಯಲ್ಲಿ ನಡೆಯಲಿಕ್ಕೆ. 1927ರಲ್ಲಿ ಮಹಾಡದ ಚೌದಾರ್ ಕೆರೆಗೆ ಬಾಬಾಸಾಹೇಬರು ಹೋದದ್ದೂ ಮೆರವಣಿಗೆಯಲ್ಲಿ, ಊರ ಬೀದಿಯಲ್ಲಿ ನಡೆದೇ. ಬೀದಿ ಸುತ್ತುವುದು ಕೆಲವರಿಗೆ ಹೊತ್ತು ಕಳೆಯುವ ಖುಷಿ. ನಮ್ಮ ಹಿರಿಯರಿಗೆ ಅದು ಪೆಟ್ಟು ತಿಂದು ಪಡೆದ ಹಕ್ಕು. ಇದನ್ನು ತಲೆಯಲ್ಲಿಟ್ಟುಕೊಂಡು ಈ ಬೀದಿಗಳಲ್ಲಿ ನಡೆದು ನೋಡೋಣ.

ಕಬ್ಬನ್ ಪಾರ್ಕಿನ ಮೂಲೆಯಿಂದ ಶುರು ಮಾಡಿ. ಅಲ್ಲಿ 1906ರಲ್ಲಿ ನಿಲ್ಲಿಸಿದ ವಿಕ್ಟೋರಿಯಾ ರಾಣಿಯ ಪ್ರತಿಮೆ ಇದೆ. ಪೂರ್ವಕ್ಕೆ ಹೊರಟರೆ ಎಡಗಡೆ ಪರೇಡ್ ಮೈದಾನ, ಬಲಗಡೆ ಅಂಗಡಿ ಸಾಲು. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೈನ್ಯ ಇಲ್ಲಿಗೆ ಬಂತು. ಮೈದಾನದ ದಕ್ಷಿಣಕ್ಕಿದ್ದ ರಸ್ತೆ ಸೌತ್ ಪರೇಡ್ ಅನ್ನಿಸಿಕೊಂಡಿತು. ಗಾಂಧೀಜಿ ಹತ್ಯೆಯಾದ ಮರುತಿಂಗಳು, 1948ರ ಫೆಬ್ರವರಿಯಲ್ಲಿ, ಅದೇ ಮಹಾತ್ಮ ಗಾಂಧಿ ರಸ್ತೆಯಾಯಿತು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದು ಮತ್ತೆ ಮೈಸೂರಿಗೆ ಸೇರಿದ್ದು 1947ರಲ್ಲಿ. ಪಟ್ಟಣ, ದಂಡು ಎರಡೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. 1891ರ ಜನಗಣತಿಯ ಹೊತ್ತಿಗೆ ಪೇಟೆಯಲ್ಲಿ ಸುಮಾರು 80 ಸಾವಿರ ಜನ ಇದ್ದರೆ ದಂಡಿನಲ್ಲಿ ಸುಮಾರು 1 ಲಕ್ಷ. ಇವರೆಲ್ಲ ಬಿಳಿಯರಾ? ಅಲ್ಲ. ಬಿಳಿಯರು ಬೆರಳೆಣಿಕೆ. ಉಳಿದವರು ಸೈನ್ಯದ ಹಿಂದೆ ನಡೆದು ಬಂದವರು.

ಆ ನಡೆದು ಬಂದವರ ಕಥೆಯೇ ನಮ್ಮ ನಗರ ಚರಿತ್ರೆಗಳಲ್ಲಿ ತೆಳ್ಳಗಿದೆ. ಮದ್ರಾಸು ಸೈನ್ಯದ ಜೊತೆ ತಮಿಳು ಸೀಮೆಯಿಂದ ಬಂದ ಬಟ್ಲರು, ಅಡಿಗೆಯವರು, ಆಯಾಗಳು, ಕುದುರೆ ನೋಡಿಕೊಳ್ಳುವವರು, ಹುಲ್ಲು ಕೊಯ್ಯುವವರು, ಗುಡಿಸುವವರು. ಇವರಲ್ಲಿ ಪರೈಯರು ದೊಡ್ಡ ಸಂಖ್ಯೆಯಲ್ಲಿದ್ದರು. ಮೇಲುಜಾತಿಯವನು ಮುಟ್ಟದ ದನದ ಮಾಂಸ, ಮುಟ್ಟದ ಪಾತ್ರೆ, ಮುಟ್ಟದ ಮಲ ಇವರ ಪಾಲಿಗೆ ಬಂತು. ದೊರೆಯ ಅಡಿಗೆಮನೆಯೊಳಕ್ಕೆ ಕಾಲಿಡುವ ದಾರಿಯೂ ಅದೇ ಆಯಿತು. ಅವಮಾನ ಮತ್ತು ಬಿಡುಗಡೆ ಒಂದೇ ಬಾಗಿಲಲ್ಲಿ ಒಳಬಂದವು. ಇದನ್ನು ಬರೀ ವಸಾಹತುಶಾಹಿಯ ಶೋಷಣೆ ಅಂತ ಬರೆದರೆ ಅರ್ಧ ಸತ್ಯ. ಬರೀ ಉದ್ಧಾರ ಅಂತ ಬರೆದರೂ ಅರ್ಧ ಸತ್ಯವೇ.

ದಾಖಲೆಗಳು ಯಾರನ್ನು ನೆನಪಿಡುತ್ತವೆ ನೋಡಿ. 1896ರಲ್ಲಿ ವಿನ್‌ಸ್ಟನ್ ಚರ್ಚಿಲ್ ಕಿರಿಯ ಸೈನ್ಯಾಧಿಕಾರಿಯಾಗಿ ಇಲ್ಲಿಗೆ ಬಂದ. ಅವನು ಕ್ಲಬ್ಬಿಗೆ ಕೊಡದೆ ಹೋದ 13 ರೂಪಾಯಿ ಬಾಕಿ ಇದೆಯಲ್ಲ, ಆ 1899ರ ಲೆಕ್ಕದ ಪುಸ್ತಕವನ್ನು ಇವತ್ತಿಗೂ ಜೋಪಾನ ಮಾಡಿದ್ದಾರೆ. ಬೆಂಗಳೂರಿನ ಬಗ್ಗೆ ಬರೆಯುವ ಪ್ರತಿಯೊಬ್ಬರೂ ಅದನ್ನು ರಸವತ್ತಾಗಿ ಹೇಳ್ತಾರೆ. ಚರ್ಚಿಲ್ಲನ ಆತ್ಮಕಥೆಯಲ್ಲೇ ಬಂಗಲೆಯ ಬಟ್ಲರು, ಕುದುರೆಯಾಳು, ನೀರು ಹೊರುವವರು, ದೋಬಿಗಳು, ಕಾವಲುಗಾರ ಬರ್ತಾರೆ. ಆದರೆ ಹೆಸರಿಲ್ಲದೆ, ಎಣಿಕೆಯಾಗಿ. ದೊರೆಯ ಸಾಲ ಚರಿತ್ರೆಯಾಯಿತು, ಆಳಿನ ಕೂಲಿ ಆಗಲಿಲ್ಲ. ಯಾವುದು ಚರಿತ್ರೆ ಎಂದು ತೀರ್ಮಾನಿಸುವ ಯಜಮಾನಿಕೆ ಅಂದರೆ ಇದು.

ಬ್ರಿಗೇಡ್ ರೋಡಿಗೆ ತಿರುಗಿ. ಇಳಿಜಾರಿನ ಉದ್ದಕ್ಕೂ ಬಟ್ಟೆ, ಬೂಟು, ತಿಂಡಿಯ ಅಂಗಡಿಗಳು. ಆ ಕೊನೆಯಲ್ಲಿ, ರೆಸಿಡೆನ್ಸಿ ರಸ್ತೆ ಕೂಡುವಲ್ಲಿ, ಒಂದು ಕಲ್ಲಿನ ಸ್ಮಾರಕ ನಿಂತಿದೆ. ಶಾಪಿಂಗಿಗೆ ಬಂದ ಹುಡುಗರು ಅದರ ಪಕ್ಕ ಬೈಕು ತಿರುಗಿಸಿಕೊಂಡು ಹೋಗ್ತಾರೆ. ಅದು ಮದ್ರಾಸು ಪಯೋನಿಯರ್ ಪಡೆಗಳಲ್ಲಿ ಸತ್ತವರ ಸ್ಮಾರಕ. ಪಯೋನಿಯರ್ ಅಂದರೆ ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಗುದ್ದಲಿ. ಸೈನ್ಯಕ್ಕೆ ದಾರಿ ಮಾಡಿಕೊಡೋರು. ಮದ್ರಾಸಿನ ಸ್ಯಾಪರ್ಸ್, ಪಯೋನಿಯರ್ ಪಡೆಗಳಲ್ಲಿ ಪರೈಯರು ಬಹುಕಾಲ ಸೇರುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ 'ವೀರ ಜನಾಂಗ'ಗಳ ಸಿದ್ಧಾಂತ ಬಂತು. ಉತ್ತರದ ಕೆಲವು ಸಮುದಾಯಗಳು ಹುಟ್ಟಿನಿಂದಲೇ ಯೋಧರು, ದಕ್ಷಿಣದ ಅಸ್ಪೃಶ್ಯರು ಅಲ್ಲ ಎಂದು ಬ್ರಿಟಿಷರೇ ಹೇಳತೊಡಗಿದರು. ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದ್ದೂ ಆಗಲೇ. ಅಂಬೇಡ್ಕರರ ತಂದೆ ರಾಮ್‌ಜಿ ಸುಬೇದಾರರು. ಸೈನ್ಯದಲ್ಲಿ ಸಿಕ್ಕ ಅಕ್ಷರ ಆ ಮನೆಗೆ ಏನು ಮಾಡಿತು ಅಂತ ನಮಗೆ ಗೊತ್ತು. ಭಾರತವನ್ನು ಬ್ರಿಟಿಷರಿಗೆ ಗೆದ್ದುಕೊಟ್ಟ ಸೈನ್ಯದಲ್ಲಿ ಅಸ್ಪೃಶ್ಯರಿದ್ದರು, ಕೆಲಸ ಮುಗಿದ ಮೇಲೆ ಅವರನ್ನೇ ಹೊರದಬ್ಬಿದರು ಎಂದು ಬಾಬಾಸಾಹೇಬರು ಮತ್ತೆ ಮತ್ತೆ ನೆನಪಿಸಿದರು. ಅಂಗಡಿಗಳ ನಡುವಿನ ಆ ಕಲ್ಲು ನಮಗೆ ಓದಲು ಸಿಗುವ ಒಂದು ಪುಟ.

ಮತ್ತೆ ಉತ್ತರಕ್ಕೆ ಬಂದು, ಪರೇಡ್ ಮೈದಾನ ಬಳಸಿ ಕಾಮರಾಜ ರಸ್ತೆ ಹಿಡಿಯಿರಿ. ಹಿಂದೆ ಇದು ಕ್ಯಾವಲ್ರಿ ರೋಡ್. ಅಲ್ಲಿಂದ ಕಮರ್ಷಿಯಲ್ ಸ್ಟ್ರೀಟ್. ಸೀರೆ, ಚೂಡಿದಾರ, ಬಳೆ, ಚಪ್ಪಲಿ, ಚಿನ್ನ. ಸುತ್ತಮುತ್ತ ಇಬ್ರಾಹಿಂ ಸಾಹೇಬ್ ಬೀದಿ, ನಾರಾಯಣ ಪಿಳ್ಳೆ ಬೀದಿ, ವೀರ ಪಿಳ್ಳೆ ಬೀದಿ, ಜುಮ್ಮಾ ಮಸೀದಿ ರಸ್ತೆ. ಸ್ವಲ್ಪ ಆಚೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟು, ಸೇಂಟ್ ಮೇರಿ ಬೆಸಿಲಿಕಾ. ಸಪ್ಟೆಂಬರಿನ ಜಾತ್ರೆಗೆ ಆ ಬೆಸಿಲಿಕಾದ ಮುಂದೆ ಕಾವಿ ಬಟ್ಟೆ ಉಟ್ಟು ಬರುವ ಸಾವಿರಾರು ತಮಿಳು ಬಡವರನ್ನು ನೋಡಿದರೆ, ದಂಡು ಅಂದರೆ ಬರೀ ಇಂಗ್ಲಿಷು ಅನ್ನೋ ಮಾತು ನಿಲ್ಲೋದಿಲ್ಲ. ಬೀದಿಗಳಿಗೆ ವರ್ತಕರ ಹೆಸರುಂಟು, ದೊರೆಗಳ ಹೆಸರುಂಟು. ಪೇಟೆಯ ಕಡೆ ಹೋದರೆ ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಕಸುಬಿಗೊಂದು, ಜಾತಿಗೊಂದು ಹೆಸರು. ಕೆರ ಹೊಲಿದವರ ಹೆಸರಿನ ಪೇಟೆ ಈ ಸಾಲಿನಲ್ಲಿಲ್ಲ. ಸೈನ್ಯಕ್ಕೆ ಬೂಟು ಬೇಕು, ಜೀನು ಬೇಕು, ಬೆಲ್ಟು ಬೇಕು. ಆ ಚರ್ಮ ಸುಲಿದವರು, ಹದ ಮಾಡಿದವರು ಊರಾಚೆಯ ಟ್ಯಾನರಿಗಳ ಕಡೆಗೆ ಸರಿದರು. ಚರ್ಮ ಮಾತ್ರ ಅಂಗಡಿಬೀದಿಗೆ ಬಂತು, ಗಾಜಿನ ಹಿಂದೆ ಕೂತಿತು. ಸತ್ತ ದನದ ಚರ್ಮ ಬೂಟಾದ ಮೇಲೆ ಯಾರಿಗೂ ಮೈಲಿಗೆ ಇಲ್ಲ ನೋಡಿ. ಮೈಲಿಗೆ ಅಂಟಿಕೊಂಡದ್ದು ವಸ್ತುವಿಗಲ್ಲ, ಅದನ್ನು ಮಾಡಿದ ಕೈಗೆ.

ಹಾಗಾದರೆ ದುಡ್ಡಿಗೆ ಜಾತಿ ಇಲ್ಲ ಅನ್ನೋದು ಸುಳ್ಳೇ? ಪೂರ್ತಿ ಸುಳ್ಳಲ್ಲ. ಹಳ್ಳಿಯ ಅಂಗಡಿ ಮುಂದೆ ನೆಲದ ಮೇಲೆ ಕಾಸಿಟ್ಟು ದೂರ ನಿಂತವರ, ಮೇಲಿನಿಂದ ಎಸೆದ ಬೆಲ್ಲ, ಹೊಗೆಸೊಪ್ಪನ್ನು ಮಡಿಲಲ್ಲಿ ಹಿಡಿದವರ ಮಕ್ಕಳು ಮೊಮ್ಮಕ್ಕಳು ನಾವು. ಗುರುತಿಲ್ಲದ ಗಿರಾಕಿಯಾಗಿ ಅಂಗಡಿ ಒಳಗೆ ಹೋಗಿ, ಅಂಗಿ ಮೈಮೇಲೆ ಹಿಡಿದು ನೋಡಿ, ಬೇಡ ಅಂತ ಹೊರಗೆ ಬರೋದು ಸಣ್ಣ ಮಾತಲ್ಲ. ಇದು ಮಾರುಕಟ್ಟೆ ದಯಪಾಲಿಸಿದ್ದೂ ಅಲ್ಲ. ಸಂವಿಧಾನದ 15ನೇ ವಿಧಿಯ 2ನೇ ಖಂಡ ಓದಿ. ಜಾತಿಯ ಕಾರಣಕ್ಕೆ ತಡೆಯಬಾರದ ಜಾಗಗಳ ಪಟ್ಟಿಯಲ್ಲಿ ಮೊದಲ ಹೆಸರೇ ಅಂಗಡಿ. ಆಮೇಲೆ ಹೋಟೆಲು, ಬಾವಿ, ಕೆರೆ, ರಸ್ತೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಈ 'ಅಂಗಡಿ' ಪದದ ಮೇಲೆ ಪ್ರಶ್ನೆ ಬಂತು: ಕ್ಷೌರದಂಗಡಿ, ಬಟ್ಟೆ ಒಗೆಯುವ ಅಂಗಡಿಗಳೂ ಇದರಲ್ಲಿ ಸೇರುತ್ತವೆಯೇ? ದುಡ್ಡಿಗೆ ಸೇವೆ ಕೊಡುವ ಯಾರಿಗಾದರೂ ಅನ್ವಯಿಸುವ ವಿಶಾಲ ಅರ್ಥದಲ್ಲಿ ಆ ಪದ ಬಳಸಿದ್ದೇವೆ ಎಂದರು ಅಂಬೇಡ್ಕರ್. ಅಸ್ಪೃಶ್ಯತೆಯನ್ನು ರದ್ದು ಮಾಡುವ ವಿಧಿ ಒಪ್ಪಿಗೆಯಾದದ್ದೂ ಅವತ್ತೇ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಾವು ಗಿರಾಕಿಗಳಾದದ್ದರ ಹಿಂದೆ ವ್ಯಾಪಾರಿಯ ಉದಾರತೆಗಿಂತ ಆ ಒಂದು ಪದದ ಜೋರು ಹೆಚ್ಚು.

ಆದರೆ ಬೀದಿಗೆ ಇನ್ನೊಂದು ಹೊತ್ತಿದೆ. ಶಟರು ತೆಗೆಯುವ ಮುಂಚಿನ ಬೆಳಗಿನ ಜಾವ. ಆಗ ಅಲ್ಲಿರೋದು ಗಿರಾಕಿಗಳಲ್ಲ, ಪೊರಕೆ ಹಿಡಿದ ಹೆಂಗಸರು. ಹಿಂದಿನ ರಾತ್ರಿಯ ಲೋಟ, ಎಲೆ, ಪ್ಲಾಸ್ಟಿಕ್ಕು ಅವರ ಪಾಲು. ಬೆಂಗಳೂರಿನ ಹಳೆಯ ಬಡಾವಣೆಗಳ ಹಿತ್ತಿಲಲ್ಲಿ ಕನ್ಸರ್ವೆನ್ಸಿ ಗಲ್ಲಿಗಳಿವೆ. ಮಲದ ಬಕೆಟ್ಟು ಹೊರುವವರು ಮುಂಬಾಗಿಲಿಗೆ ಕಾಣದೆ ಓಡಾಡಲಿ ಅಂತ ಮಾಡಿದ ದಾರಿಗಳವು. ಒಂದೇ ನಗರಕ್ಕೆ ಎರಡು ರಸ್ತೆ: ಒಂದು ಕೊಳ್ಳುವವರಿಗೆ, ಒಂದು ಹೊರುವವರಿಗೆ. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಲ್ಲಿಸಲು ಆಜ್ಞೆ ಮಾಡಿದವರು ಅರಸು ಸಂಪುಟದ ಬಿ. ಬಸವಲಿಂಗಪ್ಪ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದು ಹೇಳಿ ಕುರ್ಚಿ ಕಳೆದುಕೊಂಡವರೂ ಅವರೇ. ಈ ಎರಡನ್ನು ಬೇರೆ ಬೇರೆ ಕಪಾಟಿನಲ್ಲಿಡುವುದು ನಮ್ಮ ಸಾಹಿತ್ಯ ಚರಿತ್ರೆಯ ಹುನ್ನಾರ. ಮಲದ ಬುಟ್ಟಿಯನ್ನು ಕಾಣದ ಸಾಹಿತ್ಯದಲ್ಲಿ ಕಾಳೆಷ್ಟು, ಹೊಟ್ಟೆಷ್ಟು? ಬುಟ್ಟಿ ಇಳಿಸಿದವರಿಗೆ ಈ ಪ್ರಶ್ನೆ ಹುಟ್ಟೋದು ಸಹಜ.

1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟಿತು. ಮಲ ಹೊರಿಸುವುದರ ವಿರುದ್ಧ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂತು. ಆದರೂ ಮ್ಯಾನ್‌ಹೋಲಿನ ಸಾವು ನಿಲ್ಲಲಿಲ್ಲ. ಕಾಂಟ್ರಾಕ್ಟು ಪದ್ಧತಿಯಲ್ಲಿ ವರ್ಷಗಟ್ಟಲೆ ದುಡಿದ ಬೆಂಗಳೂರಿನ ಪೌರಕಾರ್ಮಿಕರು 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಮಾಡಿದರು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಜನಕ್ಕೆ ಕಾಯಂ ನೇಮಕದ ಪತ್ರ ಸಿಕ್ಕಿತು. ಅವರಲ್ಲಿ ಬಹುಪಾಲು ದಲಿತ ಹೆಂಗಸರು. ಗೆದ್ದದ್ದು ನಿಜ. ಆದರೆ ಗುಡಿಸುವ ಕೆಲಸ ಕಾಯಂ ಆಯಿತೇ ಹೊರತು, ಅದು ಯಾವ ಜಾತಿಯದು ಅನ್ನೋದು ಬದಲಾಗಲಿಲ್ಲ.

ಮೊದಲು ಹೇಳಿದ ಮೂರು ಮಾತುಗಳಿಗೆ ಈಗ ಉತ್ತರ ಕೊಡಬಹುದು. ದಂಡು ಪರಕೀಯ ಅನ್ನುವವರು ಅಲ್ಲಿಗೆ ಊರಿನ ಜಾತಿಯಿಂದ ತಪ್ಪಿಸಿಕೊಂಡು ಬಂದವರ ಕನ್ನಡವನ್ನೂ ತಮಿಳನ್ನೂ ದಖನಿಯನ್ನೂ ಕೇಳಿಸಿಕೊಳ್ಳಲಿಲ್ಲ. ಹಳೇ ಬೆಂಗಳೂರಿಗೆ ಹಂಬಲಿಸುವವರು ಆ ಕಾಫಿಯ ಲೋಟ ತೊಳೆದವರನ್ನು ಕೇಳಲಿಲ್ಲ. ಮಾರುಕಟ್ಟೆಗೆ ಜಾತಿ ಇಲ್ಲ ಅನ್ನುವವರು ಗಲ್ಲಾಪೆಟ್ಟಿಗೆಯ ಹಿಂದೆ ಯಾರಿದ್ದಾರೆ, ಪೊರಕೆಯ ಹಿಂದೆ ಯಾರಿದ್ದಾರೆ ಅಂತ ಬೆಳಿಗ್ಗೆ ಐದೂವರೆಗೆ ಬಂದು ನೋಡಲಿಲ್ಲ.

ನಮ್ಮ ವಿದ್ಯಾರ್ಥಿ ಗೆಳೆಯರಿಗೆ, ಕಾರ್ಯಕರ್ತರಿಗೆ ಒಂದು ಕೆಲಸ ಉಳಿದಿದೆ. ಹಲಸೂರು, ಶಿವಾಜಿನಗರ, ಟ್ಯಾನರಿ ರಸ್ತೆಯ ಮನೆಗಳಲ್ಲಿ ಅಜ್ಜ ಅಜ್ಜಿಯರಿದ್ದಾರೆ. ಯಾವ ಬಂಗಲೆಯಲ್ಲಿ ಯಾರು ಬಟ್ಲರು, ಯಾವ ಪಡೆಯಲ್ಲಿ ಯಾರ ತಾತ ಗುದ್ದಲಿ ಹಿಡಿದ, ಮೊದಲ ಚಪ್ಪಲಿ ಯಾವ ಅಂಗಡಿಯಲ್ಲಿ ಕೊಂಡರು ಅಂತ ಅವರು ಹೇಳ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ, ಹೆಸರು ಸಮೇತ. 13 ರೂಪಾಯಿ ಬಾಕಿಗೆ ಒಂದು ಪುಸ್ತಕ ಇರೋದಾದರೆ, ಇವರ ಲೆಕ್ಕಕ್ಕೂ ಒಂದು ಬೇಕು.