ತೋಳಿನಿಂದ ತೋಳಿಗೆ ದಾಟಿದ ಲಸಿಕೆ

1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಸಿಡುಬಿನ ಲಸಿಕೆ ಹಾಕಿದರು. ಭಾರತದಲ್ಲಿ ಲಸಿಕೆ ಹತ್ತಿದ ಮೊದಲ ತೋಳು ಅವಳದು. ವಿಯೆನ್ನಾದಿಂದ ಹೊರಟು ಬಾಗ್ದಾದ್, ಬಸ್ರಾ ದಾಟಿ, ಹಡಗಿನಲ್ಲಿ ಬಂದ ರಸ ಅದು. ಅದಕ್ಕೆ ಮುಂಚೆ ಕಳುಹಿಸಿದ್ದೆಲ್ಲ ದಾರಿಯಲ್ಲೇ ಸತ್ವ ಕಳೆದುಕೊಂಡಿತ್ತು.

ಮುಂಬಯಿಯಿಂದ ಮುಂದಕ್ಕೆ ಒಯ್ಯುವುದು ಹೇಗೆ? ಮಕ್ಕಳ ಮೈಯಲ್ಲೇ. ಲಸಿಕೆ ಹಾಕಿದ ಎಂಟನೇ ದಿನದ ಸುಮಾರಿಗೆ ಗುಳ್ಳೆ ಬಲಿಯುತ್ತದೆ. ಅದನ್ನು ಚುಚ್ಚಿ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಚ್ಚಬೇಕು. ದಿನ ತಪ್ಪಿದರೆ ಸರಪಳಿ ಕಡಿಯಿತು. ಹೀಗೆ ಗುಳ್ಳೆ ಚುಚ್ಚಿಸಿಕೊಂಡವರಲ್ಲಿ ಬಡವರ, ಕೆಳಜಾತಿಗಳ ಮಕ್ಕಳೇ ಹೆಚ್ಚು. ಆ ರಸ ತಮ್ಮ ಮಕ್ಕಳ ಮೈಗೆ ಬೇಡವೆಂದವರು ಮೇಲ್ಜಾತಿಯವರು. ಲಸಿಕೆಗೆ ಜನ ಹಿಂಜರಿದದ್ದನ್ನು ಬರೀ ಮೂಢನಂಬಿಕೆ ಎಂದು ಬರೆದಿಟ್ಟ ಅಧಿಕಾರಿಗಳು, ಎಳೆಗೂಸಿನ ಹುಣ್ಣನ್ನು ಮತ್ತೆ ಕೆದಕಿಸಲು ಯಾವ ತಾಯಿ ಒಪ್ಪಿಯಾಳು ಎಂದು ಯೋಚಿಸಿದಂತೆ ಕಾಣುವುದಿಲ್ಲ.

ಮೈಸೂರಿನಲ್ಲಿ ಅರಮನೆಯೇ ದಾರಿ ತೋರಿತೆಂದು ಹೇಳುವ ಚಿತ್ರವೊಂದಿದೆ. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೂವರು ಹೆಂಗಸರ ತೈಲಚಿತ್ರ. ಅವರು ನರ್ತಕಿಯರಿರಬೇಕೆಂದು ಬಹುಕಾಲ ಊಹಿಸಿದ್ದರು. ಇತಿಹಾಸಕಾರ ನೈಜಲ್ ಚಾನ್ಸಲರ್ ಅವರ ವಾದವೇ ಬೇರೆ: ಅವರು ಒಡೆಯರ ಮನೆತನದವರು, ಒಬ್ಬಳು ಬಾಲಕ ಮುಮ್ಮಡಿ ಕೃಷ್ಣರಾಜರ ಎಳೆಯ ರಾಣಿ ದೇವಾಜಮ್ಮಣ್ಣಿ, ಅವಳು ಸೆರಗು ಸರಿಸಿ ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ರಟ್ಟೆಯನ್ನು. ವಾದ ಪೂರ್ತಿ ಸಾಬೀತಾಗಿಲ್ಲ. ಆದರೂ ಅಂತಃಪುರದ ಹೆಣ್ಣು ಚಿತ್ರಕಾರನೆದುರು ತೋಳು ತೋರಿಸಿ ನಿಲ್ಲಲು ಇದಕ್ಕಿಂತ ಒಳ್ಳೆಯ ಕಾರಣ ಹೊಳೆಯುವುದು ಕಷ್ಟ.

ರಾಣಿ ಒಪ್ಪಿದ ಮಾತ್ರಕ್ಕೆ ಹಳ್ಳಿಗೆ ಲಸಿಕೆ ಮುಟ್ಟುವುದಿಲ್ಲವಲ್ಲ. ಮಕ್ಕಳಿಗೆ ಈ ಹೊರೆ ತಪ್ಪಿದ್ದು ಕರುಗಳಿಂದ. 19ನೇ ಶತಮಾನದ ಕೊನೆಯ ಹೊತ್ತಿಗೆ ಕರುವಿನ ಹೊಟ್ಟೆಯ ಕೂದಲು ಬೋಳಿಸಿ, ಚರ್ಮ ಗೀರಿ, ಅಲ್ಲಿ ಲಸಿಕೆ ಬೆಳೆಸಿ ಕೆರೆದು ತೆಗೆಯುವ ಪದ್ಧತಿ ಹಬ್ಬಿತು. ಈಳವ ಜಾತಿಯವರೆಂದು ತಿರುವಾಂಕೂರು ಸರ್ಕಾರ ಕೆಲಸ ಕೊಡದ ಡಾ. ಪಲ್ಪು, ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಬೆಂಗಳೂರಿನಲ್ಲಿ ಈ ಲಸಿಕೆ ತಯಾರಿಯಲ್ಲೇ ದುಡಿದರು. ಬೆಳಗಾವಿಯಲ್ಲೂ ಮುಂಬಯಿ ಪ್ರಾಂತ್ಯಕ್ಕಾಗಿ ಲಸಿಕಾ ಸಂಸ್ಥೆ ಎದ್ದಿತು. ಟಿಳಕವಾಡಿಯ ಆ ಜಾಗ ಊರವರ ಬಾಯಲ್ಲಿ ಇವತ್ತಿಗೂ ವ್ಯಾಕ್ಸಿನ್ ಡಿಪೋ.

ಬೇಸಿಗೆ ಮಾತ್ರ ಬಿಡಲಿಲ್ಲ. ಮೈಲಿ ಹಾಕುವವರು, ಅಂದರೆ ಲಸಿಕೆ ಹಾಕುವವರು, ಬಿಸಿಲಲ್ಲಿ ಹಳ್ಳಿ ತಲುಪುವಷ್ಟರಲ್ಲಿ ಲಸಿಕೆ ಕೆಟ್ಟಿರುತ್ತಿತ್ತು. 1950ರ ದಶಕದಲ್ಲಿ ಬಂದ ಒಣಪುಡಿ ಲಸಿಕೆ ಈ ಕಾಟ ನೀಗಿತು. 1977ರಲ್ಲಿ ಭಾರತ ಸಿಡುಬುಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು.

ಸಿಡುಬು ಹೋದರೂ ಬೇರೆ ರೋಗಗಳ ಲಸಿಕೆಗಳಿಗೆ ಬಿಸಿಲಿನ ಕಾಟ ತಪ್ಪಲಿಲ್ಲ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದಾಗ ಲಸಿಕೆಗಳ ಜೊತೆ ಐಸ್ ಪೆಟ್ಟಿಗೆಯೂ ಹಳ್ಳಿಗೆ ಬಂತು. ದಡಾರದ ಲಸಿಕೆ ಕರಗಿಸಿದ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಉಳಿದದ್ದು ಕಸಕ್ಕೆ. ಅದಕ್ಕೇ ಮಕ್ಕಳನ್ನೆಲ್ಲ ಒಂದೇ ದಿನ ಅಂಗನವಾಡಿಗೆ ಕರೆಸುವುದು. ಕೂಲಿಗೋ ಕಬ್ಬು ಕಡಿಯಲೋ ಹೋದ ಮನೆಯ ಮಗು ಅಂದು ಊರಲ್ಲಿರುವುದಿಲ್ಲ. ಅಂಥ ಮಗು ಯಾವಾಗ ಬಂದರೂ, ಒಂದೇ ಬಂದರೂ, ಹೊಸ ಬಾಟಲಿ ಒಡೆಯಬೇಕೆಂಬುದು ಈಗಿನ ಸರ್ಕಾರಿ ಸೂಚನೆ.