ಮೊದಲೇ ಗೊತ್ತಾಗ್ತಿತ್ತಾ?

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರ ಕೇಳಿರ್ತೀರಿ. ಅಲ್ಲಿನ ಕೊಳದ ಮುಂದೆ ಜನ ಮನಸ್ಸಲ್ಲಿ ಒಂದು ಪ್ರಶ್ನೆ ಇಟ್ಕೊಂಡು ಕೈಮುಗೀತಾರೆ. ನೀರಿನಿಂದ ಏನು ತೇಲಿ ಬಂತು ಅಂತ ನೋಡಿ, ಅಂದುಕೊಂಡದ್ದು ಆಗುತ್ತಾ ಇಲ್ವಾ ಅಂತ ತಿಳ್ಕೋತಾರೆ. ಮುಂದಿನದು ಇವತ್ತೇ ಗೊತ್ತಾಗಲಿ ಅನ್ನೋ ಆಸೆ ಯಾರಿಗಿಲ್ಲ? ಶಾಲೆಯಲ್ಲಿ ಒಂದು ಮಗು ಸತ್ತಾಗ ಇದೇ ಆಸೆ ಸಿಟ್ಟಾಗಿ ಹೊರಗೆ ಬರುತ್ತೆ: ಯಾರಿಗೂ ಮೊದಲೇ ಗೊತ್ತಾಗ್ಲಿಲ್ವಾ?

2022ರ ಡಿಸೆಂಬರ್ 19. ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಹದ್ಲಿಯ ಸರ್ಕಾರಿ ಶಾಲೆ. ನಾಲ್ಕನೇ ಕ್ಲಾಸಿನ ಹುಡುಗನನ್ನು ಅತಿಥಿ ಶಿಕ್ಷಕನೊಬ್ಬ ಹೊಡೆದು, ಮಹಡಿಯಿಂದ ಕೆಳಕ್ಕೆ ತಳ್ಳಿದ ಅನ್ನೋದು ಪ್ರಕರಣ. ಹುಡುಗ ಉಳೀಲಿಲ್ಲ. ಅದೇ ಶಾಲೆಯಲ್ಲಿ ಪಾಠ ಮಾಡ್ತಿದ್ದ ಅವನ ತಾಯಿಯ ಮೇಲೂ ಹಲ್ಲೆ ಆಯ್ತು. ಆ ಶಿಕ್ಷಕನನ್ನು ಮೊದಲೇ ಗುರುತಿಸಬಹುದಿತ್ತು ಅಂತ ನಾನು ಮೈಕ್ ಮುಂದೆ ಕೂತು ತೀರ್ಪು ಕೊಡಲ್ಲ. ಆದರೆ ಆ ಪ್ರಶ್ನೆಗೆ ಒಂದು ಇತಿಹಾಸ ಇದೆ. ಅದಕ್ಕೆ ಸ್ವಲ್ಪ ದೂರ, ಅಮೆರಿಕಕ್ಕೆ ಹೋಗ್ಬೇಕು.

1999ರ ಏಪ್ರಿಲ್ 20ರಂದು ಕೊಲೊರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ತಕ್ಷಣ ಎಲ್ಲರ ಕೈಗೂ ಒಂದೊಂದು ಪಟ್ಟಿ ಬಂತು: ಕಪ್ಪು ಕೋಟು, ವಿಡಿಯೋ ಗೇಮ್, ಒಂಟಿ ಹುಡುಗ. ಅಲ್ಲಿನ ಅಧ್ಯಕ್ಷರಿಗೆ ಕಾವಲಿರೋ ಸೀಕ್ರೆಟ್ ಸರ್ವಿಸ್, ಶಿಕ್ಷಣ ಇಲಾಖೆ ಜೊತೆ ಸೇರಿ, 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನು ಅಧ್ಯಯನ ಮಾಡ್ತು. 2002ರ ವರದಿ ಆ ಪಟ್ಟಿಗಳನ್ನೆಲ್ಲ ಪಕ್ಕಕ್ಕಿಟ್ಟಿತು. ದಾಳಿ ಮಾಡೋನು ಹೀಗೇ ಇರ್ತಾನೆ ಅನ್ನೋ ಮಾದರಿ ಸಿಗಲೇ ಇಲ್ಲ. ಚೆನ್ನಾಗಿ ಓದೋರು, ಸ್ನೇಹಿತರಿದ್ದೋರು ಕೂಡ ಅವರಲ್ಲಿದ್ರು. ಸಿಕ್ಕಿದ್ದು ಬೇರೆ: 81 ಶೇಕಡಾ ಘಟನೆಗಳಲ್ಲಿ ಕನಿಷ್ಠ ಒಬ್ಬರಿಗೆ ವಿಷಯ ಮೊದಲೇ ಗೊತ್ತಿತ್ತು. ಹೆಚ್ಚಾಗಿ ಅದು ಗೆಳೆಯ, ಸಹಪಾಠಿ, ಇಲ್ಲಾ ಒಡಹುಟ್ಟಿದವರು.

ನಾನು ಬಿ.ಕಾಂ. ಮನಶ್ಶಾಸ್ತ್ರ ಬರಲ್ಲ, ಲೆಕ್ಕ ಬರುತ್ತೆ. ಸುಮ್ನೆ ಊಹಿಸಿ: 10 ಲಕ್ಷ ಮಕ್ಕಳು, ಅವರಲ್ಲಿ ನಿಜಕ್ಕೂ ಅಪಾಯ ಮಾಡೋರು 10 ಜನ. 95 ಶೇಕಡಾ ಸರಿಯಾಗಿ ಹೇಳೋ ಪರೀಕ್ಷೆ ನಮ್ಮ ಹತ್ರ ಇದೆ. ಆ ಹತ್ತರಲ್ಲಿ ಒಂಬತ್ತೋ ಹತ್ತೋ ಸಿಗಬಹುದು. ಜೊತೆಗೆ ಏನೂ ಮಾಡದ ಸುಮಾರು 50 ಸಾವಿರ ಮಕ್ಕಳ ಹಣೆಗೂ 'ಅಪಾಯ' ಅನ್ನೋ ಚೀಟಿ ಬೀಳುತ್ತೆ. ಯಾರ ಹಣೆಗೆ ಮೊದಲು ಬೀಳುತ್ತೆ ಹೇಳಿ? ಮಾತಾಡದೆ ಕೂರೋನು, ಹರಿದ ಯೂನಿಫಾರ್ಮಿನವನು, ಅಪ್ಪ ಕುಡೀತಾನೆ ಅಂತ ಊರಿಗೆಲ್ಲ ಗೊತ್ತಿರೋ ಹುಡುಗ.

ಕೊಲಂಬೈನ್‌ನಲ್ಲಂತೂ ಸುಳಿವಿಗೆ ಬರವಿರಲಿಲ್ಲ. ಕೊಂದವರಲ್ಲಿ ಒಬ್ಬನ ವೆಬ್‌ಸೈಟಿನಲ್ಲಿ ಕೊಲೆ ಬೆದರಿಕೆ ಇದೆ ಅಂತ 1998ರಲ್ಲೇ ಒಂದು ಕುಟುಂಬ ಪೊಲೀಸರಿಗೆ ದೂರು ಕೊಟ್ಟಿತ್ತು. ಮನೆ ಶೋಧಕ್ಕೆ ಅನುಮತಿ ಕೇಳೋ ಅರ್ಜಿಯ ಕರಡೂ ತಯಾರಾಗಿತ್ತು. ಅದು ನ್ಯಾಯಾಧೀಶರ ಮೇಜಿಗೆ ಹೋಗಲೇ ಇಲ್ಲ. 2021ರಲ್ಲಿ ಅದೇ ಸೀಕ್ರೆಟ್ ಸರ್ವಿಸ್ ಇದರ ಉಲ್ಟಾ ಕಥೆ ನೋಡ್ತು: 2006ರಿಂದ 2018ರವರೆಗೆ ನಡೆಯೋ ಮೊದಲೇ ತಪ್ಪಿಹೋದ 67 ಸಂಚುಗಳು. ಅಲ್ಲೂ ಬಹುತೇಕರು ತಮ್ಮ ಯೋಜನೆಯನ್ನು ಯಾರಿಗಾದ್ರೂ ಹೇಳಿದ್ರು. ವ್ಯತ್ಯಾಸ ಇಷ್ಟೇ, ಕೇಳಿಸಿಕೊಂಡವರು ಸುಮ್ಮನಿರಲಿಲ್ಲ.

ನಮ್ಮಲ್ಲಿ ಬಂದೂಕು ಅಪರೂಪ. ಬೆತ್ತ ಅಲ್ಲ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರೋ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳನ್ನ ಹೊಡೆಯೋದನ್ನ, ಮಾನಸಿಕವಾಗಿ ಹಿಂಸಿಸೋದನ್ನ ನಿಷೇಧಿಸಿದೆ. ಆದರೂ 'ಒಳ್ಳೇದಕ್ಕೇ ಹೊಡೆದಿದ್ದು' ಅನ್ನೋ ಮಾತು ಸತ್ತಿಲ್ಲ. ದಿನಾ ಬೀಳೋ ಏಟು ಮಾಮೂಲಿ ಅಂತಾದ ಮೇಲೆ, ಇವತ್ತಿನ ಏಟು ಮಿತಿ ಮೀರಿದೆ ಅಂತ ಪಕ್ಕದ ಬೆಂಚಿನ ಹುಡುಗಿ ಯಾರಿಗೆ ಹೇಳ್ತಾಳೆ? ಹೆಡ್‌ಮಾಸ್ಟರಿಗಾ? 1098 ಅನ್ನೋ ಮಕ್ಕಳ ಸಹಾಯವಾಣಿ ಇದೆ, ದುಡ್ಡು ಬೇಕಿಲ್ಲ. ಫೋನ್ ಮಾತ್ರ ಬೇಕು, ಅದಿರೋದು ನಿಮ್ಮ ಕೈಯಲ್ಲಿ.

ಮನೇಲಿ ಸ್ಕೂಲಿಗೆ ಹೋಗೋ ತಮ್ಮನೋ ತಂಗಿಯೋ ಇದ್ರೆ ಇವತ್ತು ಸಂಜೆ ಕೇಳಿ: ಕ್ಲಾಸಲ್ಲಿ ಯಾರಿಗಾದ್ರೂ ಏಟು ಬಿತ್ತಾ? 'ನಿನಗೆ ಬಿತ್ತಾ' ಅಂದ್ರೆ ತಲೆ ಅಲ್ಲಾಡಿಸಿ ಒಳಗೆ ಹೋಗ್ಬಿಡ್ತಾರೆ. ಪಕ್ಕದವನದ್ದಾದ್ರೆ ಎಲ್ಲ ಹೇಳ್ತಾರೆ.