ಒಂದೂವರೆ ನಿಮಿಷದ ಕೆಲಸ, 28 ಜೀವ

1991ರ ಫೆಬ್ರವರಿ 25. ಕೊಲ್ಲಿ ಯುದ್ಧ ಮುಗಿಯೋಕೆ ಇನ್ನು ಮೂರೇ ದಿನ. ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಸೈನಿಕರು ತಂಗಿದ್ದ ಬ್ಯಾರಕ್ ಮೇಲೆ ಇರಾಕಿನ ಸ್ಕಡ್ ಕ್ಷಿಪಣಿ ಬಿತ್ತು. 28 ಸೈನಿಕರು ಸತ್ತರು. ಆ ಸ್ಕಡ್ಡನ್ನು ಆಕಾಶದಲ್ಲೇ ಹೊಡೆಯಬೇಕಿದ್ದ ಪೇಟ್ರಿಯಾಟ್ ಅಲ್ಲೇ ಇತ್ತು. ಆದರೆ ಅದು ಒಂದೇ ಒಂದು ಕ್ಷಿಪಣಿಯನ್ನೂ ಹಾರಿಸಲಿಲ್ಲ. ಯಾಕೆ ಗೊತ್ತಾ?

ಅದರ ಕಂಪ್ಯೂಟರ್ 100 ಗಂಟೆಗೂ ಹೆಚ್ಚು ಕಾಲ ಒಂದೇ ಸಮನೆ ಓಡಿತ್ತು. ಪೇಟ್ರಿಯಾಟ್ ರೂಪುಗೊಂಡಿದ್ದು ಒಂದು ಕಡೆ ಕೆಲವು ಗಂಟೆ ನಿಂತು ಜಾಗ ಬದಲಿಸೋಕೆ, ಹೀಗೆ ದಿನಗಟ್ಟಲೆ ಓಡೋಕೆ ಅಲ್ಲ. ಸಮಯದ ಲೆಕ್ಕದಲ್ಲಿ ಒಂದು ಸಣ್ಣ ದೋಷವಿತ್ತು, ಓಡಿದಷ್ಟೂ ಬೆಳೆಯುವಂಥದ್ದು. ಆ ರಾತ್ರಿ ಹೊತ್ತಿಗೆ ಅದು 0.34 ಸೆಕೆಂಡ್ ಆಗಿತ್ತು. ಸ್ಕಡ್ ವೇಗಕ್ಕೆ ಅಷ್ಟು ಸಾಕು. ರೇಡಾರ್ ಅರ್ಧ ಕಿಲೋಮೀಟರಿಗೂ ಹೆಚ್ಚು ಆಚೆ, ಖಾಲಿ ಆಕಾಶದಲ್ಲಿ ಹುಡುಕ್ತಾ ಇತ್ತು.

ಯಂತ್ರ ಅಂದ ಮೇಲೆ ಕೆಡುತ್ತೆ, ಅದಲ್ಲ ವಿಷಯ. ನನ್ನನ್ನು ಕಾಡೋದು ತಾರೀಖುಗಳು ಸ್ವಾಮಿ. ಫೆಬ್ರವರಿ 11ಕ್ಕೇ ಇಸ್ರೇಲ್ ಎಚ್ಚರಿಸಿತ್ತು: ಎಂಟು ಗಂಟೆ ಓಡಿಸಿದರೆ ಲೆಕ್ಕ ಏರುಪೇರಾಗ್ತಿದೆ. 16ಕ್ಕೆ ಸರಿಪಡಿಸಿದ ಸಾಫ್ಟ್‌ವೇರ್ ಸಿದ್ಧ. 21ಕ್ಕೆ ಘಟಕಗಳಿಗೆ ಸಂದೇಶ ಹೋಯ್ತು: 'ಬಹಳ ಹೊತ್ತು' ಓಡಿಸಿದರೆ ತೊಂದರೆ ಆಗಬಹುದು. ಬಹಳ ಹೊತ್ತು ಅಂದರೆ ಎಷ್ಟು? ಅದನ್ನು ಹೇಳಲೇ ಇಲ್ಲ! ಆಫ್ ಮಾಡಿ ಆನ್ ಮಾಡಿದ್ದರೆ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತಿತ್ತು. ಅದಕ್ಕೆ ಬೇಕಿದ್ದದ್ದು ಹೆಚ್ಚೆಂದರೆ ಒಂದೂವರೆ ನಿಮಿಷ. ಹೊಸ ಸಾಫ್ಟ್‌ವೇರ್ ಧಹ್ರಾನ್ ತಲುಪಿದ್ದು 26ಕ್ಕೆ, ಹೆಣ ಬಿದ್ದ ಮರುದಿನ.

ಆಗ ಅಮೆರಿಕ ಸೇನೆಯ ನಿರ್ವಹಣೆಗೆ ನಾಲ್ಕು ಹಂತ: ಘಟಕ, ಅದರ ಬೆನ್ನಿಗೆ ಎರಡು ಬೆಂಬಲ ಪಡೆಗಳು, ಕೊನೆಗೆ ಡಿಪೋ. 2000ದ ನಂತರ ಅದನ್ನು ಎರಡಕ್ಕೆ ಇಳಿಸಿದರು. ಕೆಟ್ಟ ಭಾಗವನ್ನು ರಣರಂಗದಲ್ಲೇ ಬದಲಿಸಿ, ದುರಸ್ತಿಯನ್ನು ಹಿಂದೆ ಮಾಡಿ ಅನ್ನೋದು ಇದರ ತಿರುಳು. ಧಹ್ರಾನ್ ಒಂದೇ ಇದಕ್ಕೆ ಕಾರಣ ಅಂತ ನಾನು ಹೇಳಲ್ಲ. ಆದರೆ ಹಂತ ಕಡಿಮೆ ಮಾಡೋದರ ಅರ್ಥ ಮಾತ್ರ ಅಲ್ಲೇ ಇದೆ. ಅದು ಬರೀ ಖರ್ಚು ಉಳಿಸೋ ಲೆಕ್ಕ ಆಗಬಾರದು. ಮೇಲಿನವನಿಗೆ ಗೊತ್ತಿರೋದು ಕೆಳಗಿನವನಿಗೆ ಬೇಗ ತಲುಪಬೇಕು, ಸ್ಪಷ್ಟವಾಗಿ ತಲುಪಬೇಕು.

ನಮ್ಮ ಬೆಂಗಳೂರಿನ ಬಿಇಎಲ್ ಕೂಡ ವಾಯುಪಡೆಗೆ ಆಕಾಶ್ ಕ್ಷಿಪಣಿ ವ್ಯವಸ್ಥೆ ಕೊಟ್ಟಿದೆ. ಕ್ಷಿಪಣಿ ಹಾರಿದಾಗ ನಾವೆಲ್ಲ ಚಪ್ಪಾಳೆ ತಟ್ತೀವಿ. ತಟ್ಟಬೇಕು. ಆದರೆ ರಾತ್ರಿ ಮೂರು ಗಂಟೆಗೆ ಅದರ ಮುಂದೆ ಕೂತ ಹುಡುಗನಿಗೆ ಯಾವಾಗ ಏನು ಮಾಡಬೇಕು ಅಂತ ಯಾರಾದರೂ ನೆಟ್ಟಗೆ ಹೇಳಿದ್ದಾರಾ? ಆ ಪ್ರಶ್ನೆಯನ್ನೂ ಕೇಳಬೇಕು.